ಮಾವನ ಮೆರವಣಿಗೆಗೊಂದು ಕಳಸ

ತ್ಯಾಮಗೊಂಡ್ಲು
7 ಅಕ್ಟೋಬರ್ 2024

ಅಂಜಿ,

ಇಲ್ಲಿ ಎಲ್ರೂ ಚೆನ್ನಾಗಿದೀವಿ, ನೀನೂ ಚೆನ್ನಾಗಿದೀಯ ಅಂದ್ಕೊಂಡಿದೀನಿ ಅಂತ ಕಾಗದ ಶುರು ಮಾಡ್ಬೇಕು ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದ್ರು. ನಂಗೆ ಅಷ್ಟು ಪುರುಸೊತ್ತಿಲ್ಲ. ಅಂಗನವಾಡೀಲಿ ಮಕ್ಕಳು ಮಲಗಿರೋ ಹೊತ್ತಲ್ಲಿ ಬರೀತಿದೀನಿ, ಒಂದು ಎದ್ರೆ ಎಲ್ಲಾ ಏಳ್ತವೆ.

ಫೋನಲ್ಲಿ ಹೇಳ್ಬಹುದಿತ್ತು ಅಂತೀಯ. ನನ್ ಫೋನು ನನ್ ಹತ್ರ ಯಾವಾಗಿರುತ್ತೆ? ಒಂದೋ ಮಗಳು ಹರ್ಷಿತ ಹೋಮ್‌ವರ್ಕ್ ಅಂತ ಇಟ್ಕೊಂಡಿರ್ತಾಳೆ, ಇಲ್ಲಾಂದ್ರೆ ನಮ್ಮತ್ತೆ ಸೀರಿಯಲ್ ನೋಡ್ತಿರ್ತಾರೆ. ನಿನ್ ಮೆಸೇಜು ಬಂದ್ರೆ ಅತ್ತೆ ಮುನಿತಾಯಮ್ಮನೋರೇ ಕನ್ನಡಕ ಹಾಕ್ಕೊಂಡು ಮೊದ್ಲು ಓದ್ತಾರೆ. ಫೋನ್ ಮಾಡಿದ್ರೋ, ನಾವಿಬ್ರೂ ಮೂರು ಮಾತಿಗೆ ಕೂಗಾಡಿ ಕಟ್ ಮಾಡ್ತೀವಿ. ಅದಕ್ಕೆ ಕಾಗದ. ನೀನೂ ಅಂಗನವಾಡಿ ವಿಳಾಸಕ್ಕೇ ಬರಿ.

ಮೊನ್ನೆ ನಿಂಗೆ ಫೋನ್ ಮಾಡಿದಾಗ ನಿನ್ ಜೊತೆಲಿರೋ ಶ್ರೀಧರ್ ಎತ್ತಿದ್ರು. ನೀನು ಗೋಡೌನಲ್ಲಿ ಡ್ಯೂಟಿ ಅಂದ್ರು. ಮಾತಿಗೆ ಮಾತು ಬಂದು, ನವೆಂಬರ್ ಕೊನೇಲಿ ಬೆಂಗಳೂರಲ್ಲಿ ನಿಮ್ಮೋರ ಮೆರವಣಿಗೆ ಇದೆ, ಪ್ರೈಡ್ ಅಂತಾರೆ, ಅಪ್ಪ ಅಮ್ಮ ಅಕ್ಕ ತಂಗೀರು ಮಕ್ಕಳು ಮರಿ ಎಲ್ಲಾ ಕಟ್ಕೊಂಡು ಬರೋರೂ ಇದಾರೆ ಅಂದ್ರು. ನೀನು ಇದನ್ನ ನಂಗೆ ಹೇಳೇ ಇಲ್ಲ. ಹೋದ ಯುಗಾದಿಗೆ ನೀನೇ ಟೆರೇಸ್ ಮೇಲೆ ನಿಂತ್ಕೊಂಡು ನಂಗೆ ಹೆಣ್ಣು ಬೇಡ, ಶ್ರೀಧರ್ ಜೊತೆನೇ ಬಾಳ್ತೀನಿ ಅಂತ ಹೇಳ್ದೆ, ನಾನು ಎರಡು ತಿಂಗಳು ಅತ್ತೆ, ಆಮೇಲೆ ಒಂದು ಡಬ್ಬ ಹುಣಿಸೆ ತೊಕ್ಕು ಮಾಡಿ ಇಬ್ರಿಗೂ ಕಳಿಸ್ದೆ. ತೊಕ್ಕು ಕಳಿಸಿದ್ಮೇಲೆ ಇನ್ನೇನ್ ಮುಚ್ಚಿಡೋದು?

ನಾವು ಬರ್ತೀವಿ. ನಾನು, ಹರ್ಷಿತ.

ಅವಳು ಕಳಸ ಹಿಡ್ಕೊಂಡು ಬರ್ತಾಳೆ. ನಗ್ಬೇಡ. ನಾಲ್ಕು ವರ್ಷದ ಮಗು ಇದ್ದಾಗಿಂದ ಸ್ಟೀಲ್ ಚೊಂಬಿಗೆ ಟೊಮೇಟೊ ಇಟ್ಕೊಂಡು "ಮಾವನ ಮದುವೇಲಿ ಕಳಸ ಹಿಡಿಯೋದು ನಾನೇ" ಅಂತ ಮನೆಯೆಲ್ಲಾ ಓಡಾಡಿದೋಳು. ಗಂಡಿನ ಪಕ್ಕ ಕಳಸ ಹಿಡ್ಕೊಂಡು ಮನೆ ಹೆಣ್ಮಗು ನಿಲ್ಬೇಕು, ನಮ್ಮನೇಲಿ ಇರೋದು ಅದೊಂದೇ. ಅದಕ್ಕಂತ ಹೊಲಿಸಿದ್ದ ಹಸಿರು ಲಂಗದ ಮಡಿಕೆ ನಾನು ವರ್ಷಾ ವರ್ಷಾ ಬಿಚ್ತಾ ಬಂದಿದೀನಿ. ಇನ್ನು ಬಿಚ್ಚೋಕೆ ಮಡಿಕೆ ಉಳಿದಿಲ್ಲ.

ಎಷ್ಟ್ ಹೊತ್ಗೆ ಶುರು, ಊಟ ಅಲ್ಲೇ ಇರುತ್ತಾ, ಇಲ್ಲ ಚಿತ್ರಾನ್ನ ಕಟ್ಕೊಂಡ್ ಬರ್ಬೇಕಾ ಬರಿ. ಹರ್ಷಿತ ಕೇಳ್ತಿದಾಳೆ, ನಿನ್ ಹೆಲ್ಮೆಟ್ ಪಕ್ಕಕ್ಕೆ ಅಂಟಿಸಿದ್ದ ಹಳದಿ ಬಾತುಕೋಳಿ ಸ್ಟಿಕ್ಕರ್ ಇನ್ನೂ ಇದೆಯಾ ಅಂತ. ಇಲ್ಲಿಗೆ ಬಂದಾಗ್ಲೂ ಆ ಹೆಲ್ಮೆಟ್ ತೆಗೀದೆ ಬಸ್‌ಸ್ಟ್ಯಾಂಡ್ ದಾಟ್ಕೊಂಡು ಸೀದಾ ನಮ್ಮನೆ ಒಳಗೆ ನುಗ್ತೀಯ. ನಿಮ್ ಭಾವನ ಗೊಬ್ಬರದಂಗಡಿ ಹತ್ರ ನಿಂತು ಒಂದು ಮಾತಾಡ್ಸಿದ್ರೆ ಏನ್ ಕಳ್ಕೋತೀಯ?

ಅಕ್ಕ
ಚೈತ್ರ


ಅನುಗೊಂಡನಹಳ್ಳಿ
14 ಅಕ್ಟೋಬರ್ 2024

ಅಕ್ಕಾ,

ನಿನ್ ಕಾಗದ ಓದಿ ತಲೆ ಹಿಡ್ಕೊಂಡು ಕೂತಿದೀನಿ. ಶ್ರೀಧರ್‌ಗೂ ಬೈದಿದೀನಿ. ಅವನು "ನಿಮ್ಮಕ್ಕ ಊಟ ಇದೆಯಾ ಅಂತ ಕೇಳೋ ಕಾಲ ಬಂತಲ್ಲ" ಅಂತ ನಗ್ತಾ ಕೂತಿದಾನೆ. ಅವನಿಗೆಲ್ಲಾ ತಮಾಷೆ.

ಅದು ಮದುವೆ ಮೆರವಣಿಗೆ ಅಲ್ಲ ಕಣೇ. ಅಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ, ವಾಲಗ ಇಲ್ಲ. ತಮಟೆ ಇರುತ್ತೆ, ಅದು ಬೇರೆ ವಿಷ್ಯ. ಸಾವಿರಾರು ಜನ ಬೋರ್ಡು ಹಿಡ್ಕೊಂಡು ಕೂಗ್ತಾ ಹೋಗ್ತಾರೆ. ಅದರ ಮಧ್ಯೆ ಹತ್ತು ವರ್ಷದ ಹುಡುಗಿ ತೆಂಗಿನಕಾಯಿ ಇಟ್ಕೊಂಡು ನಡೆದ್ರೆ ಏನಾಗುತ್ತೆ ಗೊತ್ತಾ? ಅಲ್ಲಿರೋ ಕ್ಯಾಮರಾಗಳೆಲ್ಲಾ ಅವಳ ಕಡೆಗೇ ತಿರುಗ್ತವೆ. ಸಾಯಂಕಾಲದೊಳಗೆ ಫೋಟೋ ಎಲ್ಲರ ಮೊಬೈಲಿಗೂ ಬರುತ್ತೆ. ಕೆಳಗೆ ಜನ ಏನೇನ್ ಬರೀತಾರೆ ಅಂತ ನಾನು ನೋಡಿದೀನಿ, ನೀನು ನೋಡಿಲ್ಲ. ಸೋಮವಾರ ಸ್ಕೂಲಿಗೆ ಹೋಗ್ಬೇಕಾಗಿರೋದು ಅವಳು, ನೀನಲ್ಲ.

ಮಕ್ಕಳು ಬರ್ಬೇಕೋ ಬೇಡ್ವೋ ಅಂತ ನಮ್ಮಲ್ಲೇ ಜಗಳ ಇದೆ. ಹೋದ ವಾರ ಶ್ರೀಧರನ ಸ್ನೇಹಿತರೆಲ್ಲಾ ಇಲ್ಲೇ ಸೇರಿದ್ರು. ಒಬ್ಬ ಹೇಳ್ದ, "ವರ್ಷಕ್ಕೊಂದು ದಿನ ಮನಸ್ಸಿಗೆ ಬಂದ ಬಟ್ಟೆ ಹಾಕ್ಕೊಂಡು ಕುಣೀತೀವಿ, ಅದನ್ನೂ ಮಕ್ಕಳಿದಾರೆ ಅಂತ ಅಳೆದು ಸುರಿದು ಮಾಡ್ಬೇಕಾ? ಅಷ್ಟಾದ್ರೂ ಮಕ್ಕಳನ್ನ ಕೆಡಿಸ್ತೀವಿ ಅಂತ ನಮ್ಮನ್ನೇ ಬೈಯೋದು." ಮೋನಿಷಾ ಅಂತ ಇದಾಳೆ, ಗಂಡಾಗಿ ಹುಟ್ಟಿ ಹೆಣ್ಣಾದೋಳು, ಅವಳು ರೇಗಿದ್ಲು. "ನಮ್ಮಣ್ಣ ತನ್ ಮಕ್ಕಳಿಗೆ ನನ್ ಮುಖಾನೇ ತೋರ್ಸಿಲ್ಲ ಕಣ್ರೋ. ಯಾರ ಮಕ್ಕಳಾದ್ರೂ ಬರ್ಲಿ, ನಾನೇ ಐಸ್‌ಕ್ರೀಂ ಕೊಡಿಸ್ತೀನಿ" ಅಂದ್ಲು. ಟೀ ಆರೋವರೆಗೂ ಕಿತ್ತಾಡಿದ್ರು. ನಾನು ಮೊದ್ಲು ಮಾತಾಡಿದೋನ ಕಡೆ.

ಅದೂ ಅಲ್ದೆ ಹರ್ಷಿತಂಗೆ ಏನಂತ ಹೇಳ್ತೀಯ? ಭಾವಂಗೆ ಏನಂತ ಹೇಳ್ತೀಯ? ಅವ್ರಿಗೆ ಗೊತ್ತಾದ್ರೆ ನಾನು ಆ ಮನೆ ಬಾಗಿಲಿಗೆ ಬರೋ ಹಾಗಿಲ್ಲ, ಹರ್ಷಿತನ್ನ ನೋಡೋ ಹಾಗೂ ಇಲ್ಲ. ನಂಗಿರೋದು ಅದೊಂದು ಮನೆ. ಅದನ್ನೂ ಕಳೀಬೇಡ. ಸುಮ್ನಿದ್ಬಿಡು ತಾಯಿ.

ಬಾತುಕೋಳಿ ಇದೆ. ಕೊಕ್ಕು ಕಿತ್ತೋಗಿದೆ.

ಅಂಜನ್


ತ್ಯಾಮಗೊಂಡ್ಲು
21 ಅಕ್ಟೋಬರ್ 2024

ಅಂಜನ್ ಅವ್ರಿಗೆ,

ದೊಡ್ಡ ಮನುಷ್ಯ ಆಗ್ಬಿಟ್ಟಿದೀಯ. ಮಗು ಭವಿಷ್ಯದ ಬಗ್ಗೆ ನಂಗೆ ಪಾಠ ಹೇಳ್ತೀಯ. ಇಪ್ಪತ್ತು ಮಕ್ಕಳ ಮೂಗು ಒರೆಸೋಳು ನಾನು.

ಮಕ್ಕಳು ಏನ್ ನೋಡ್ಬೇಕು, ಏನ್ ನೋಡ್ಬಾರ್ದು ಅಂತ ಈ ಊರಲ್ಲಿ ಯಾರಾದ್ರೂ ಕೂತು ಯೋಚ್ನೆ ಮಾಡಿರೋದು ನೋಡಿದೀಯ? ಗಣೇಶನ ಆರ್ಕೆಸ್ಟ್ರಾಗೆ ಕರೆಸಿದ್ರಲ್ಲ, ಆ ಹುಡುಗೀರು ಕುಣಿದಿದ್ದು ನಂಗೇ ನೋಡೋಕಾಗ್ಲಿಲ್ಲ. ಮಕ್ಕಳನ್ನ ಮುಂದಿನ ಸಾಲಲ್ಲಿ ಚಾಪೆ ಹಾಕಿ ಕೂರ್ಸಿದ್ರು. ಎಲೆಕ್ಷನ್ನಲ್ಲಿ ನಿಮ್ ಭಾವ ಹರ್ಷಿತಂಗೆ ಪಾರ್ಟಿ ಶಾಲು ಹೊದಿಸಿ ತೆರೆದ ಜೀಪಲ್ಲಿ ನಿಲ್ಸಿದ್ರು, ಬಿಸಿಲಿಗೆ ವಾಂತಿ ಮಾಡ್ಕೊಂಡ್ಳು. ಬೀಗರೂಟದಲ್ಲಿ ಕುಡ್ದು ಹೊಡೆದಾಡೋದನ್ನೂ ನೋಡಿದಾಳೆ. ಆವಾಗೆಲ್ಲಾ ಮಗು ಮನಸ್ಸು ಯಾರಿಗೂ ನೆನಪಾಗ್ಲಿಲ್ಲ. ಸ್ವಂತ ಸೋದರಮಾವ ರಸ್ತೇಲಿ ನಡೆದ್ರೆ ಮಾತ್ರ ಮಗು ಕೆಟ್ಟೋಗುತ್ತೆ.

ಅವಳಿಗೆ ಏನ್ ಹೇಳ್ತೀಯ ಅಂತ ಕೇಳ್ದಲ್ಲ. ಹೇಳಾಯ್ತು. ತಲೆ ಬಾಚ್ತಾ ಹೇಳ್ದೆ. ಮಾವ ಹೆಣ್ಣನ್ನ ಮದುವೆ ಆಗಲ್ಲ, ಶ್ರೀಧರ್ ಅನ್ನೋರ ಜೊತೆನೇ ಇರ್ತಾನೆ, ಕೆಲವ್ರು ಹಂಗಿರ್ತಾರೆ ಅಂದೆ. "ಹಂಗಾದ್ರೆ ಕಳಸ?" ಅಂದ್ಲು. ಅಷ್ಟೇ ಅವಳು ಕೇಳಿದ್ದು. ಜಡೆ ಹಾಕಿ ಸ್ಕೂಲಿಗೆ ಕಳಿಸ್ದೆ. ಆಮೇಲೆ ಶ್ರೀಧರ್ ಮೆರವಣಿಗೆ ಅಂದ್ರಲ್ಲ, ಉತ್ತರ ಸಿಕ್ತು.

ನಂಗೆ ನಿಜ ಅರ್ಥ ಆಗಿದೆ ಬಿಡು. ನಿಂಗೆ ನಾಚ್ಕೆ. ನಿನ್ ಇಂಗ್ಲಿಷ್ ಮಾತಾಡೋ ಸ್ನೇಹಿತರ ಮುಂದೆ ಅಕ್ಕ ಅಂಗನವಾಡಿ ಸೀರೆ ಉಟ್ಕೊಂಡು ಚಿತ್ರಾನ್ನದ ಡಬ್ಬ ಹಿಡ್ಕೊಂಡು ಬಂದ್ರೆ ಮರ್ಯಾದೆ ಹೋಗುತ್ತೆ. ಅದನ್ನೇ ನೆಟ್ಟಗೆ ಹೇಳು. ಮಗು ಹೆಸರು ಯಾಕೆ ತರ್ತೀಯ?

ಚೈತ್ರ

ದೀಪಾವಳಿಗೆ ಬಾ. ಕಜ್ಜಾಯ ಮಾಡ್ತೀನಿ. ಕೋಪ ಇದೆ, ಆದ್ರೂ ಮಾಡ್ತೀನಿ.


ಅನುಗೊಂಡನಹಳ್ಳಿ
4 ನವೆಂಬರ್ 2024

ಅಕ್ಕಾ,

ಹಬ್ಬಕ್ಕೆ ಬರೋಕಾಗ್ಲಿಲ್ಲ. ಗೋಡೌನಲ್ಲಿ ರಜ ಕೊಡ್ಲಿಲ್ಲ.

ನಾಚ್ಕೆ ಅಂತೆ. ನಿನ್ ಜೊತೆ ವಾದ ಮಾಡಿ ನಂಗೆ ಸಾಕಾಯ್ತು. ಒಂದು ಹೇಳ್ತೀನಿ, ಆಮೇಲೆ ಈ ವಿಷ್ಯ ಬಿಡು. ನಾನು ಮೂರು ವರ್ಷದಿಂದ ಆ ಮೆರವಣಿಗೇಲಿ ನಡೀತಿದೀನಿ. ಅವತ್ತೊಂದು ದಿನ ನಾನು ಯಾರ ತಮ್ಮನೂ ಅಲ್ಲ, ಯಾರ ಮಾವನೂ ಅಲ್ಲ. ನೀವು ಬಂದ್ರೆ ಆ ದಿನ ನಂಗೆ ಸಿಗಲ್ಲ. ಇಡೀ ದಿನ ಹರ್ಷಿತ ಎಲ್ಲಿ, ನೀನೆಲ್ಲಿ ಅಂತ ನೋಡೋದ್ರಲ್ಲೇ ಹೋಗುತ್ತೆ.

ನೀವು ಬರೋದಾದ್ರೆ ನಾನು ಹೋಗಲ್ಲ. ನನ್ನಾಣೆ.

ಅಂಜನ್


ತ್ಯಾಮಗೊಂಡ್ಲು
9 ನವೆಂಬರ್ 2024

ಸರಿ.

ಕಜ್ಜಾಯ ಕೊರಿಯರ್ ಮಾಡಿದೀನಿ. ಇರುವೆ ಬರೋದ್ರೊಳಗೆ ತಿನ್ನಿ.


ಅನುಗೊಂಡನಹಳ್ಳಿ
18 ನವೆಂಬರ್ 2024

ಅಕ್ಕಾ,

ಕಜ್ಜಾಯ ಬಂತು. ಶ್ರೀಧರ್ ಒಂದೇ ಸಲಕ್ಕೆ ಆರು ತಿಂದ. ನಾನು ಡಬ್ಬ ಮುಚ್ಚಿಟ್ಟೆ. ನೀನು ನಾಲ್ಕು ಪುಟ ಬೈದ್ರೆ ತಡ್ಕೋತೀನಿ, ಈ "ಸರಿ" ತಡ್ಕೊಳೋಕಾಗಲ್ಲ. ಎರಡು ಸಲ ಫೋನ್ ಮಾಡ್ದೆ. ಎರಡು ಸಲವೂ ನಿಮ್ಮತ್ತೆ ಎತ್ತಿ, ಅಂಜನಪ್ಪಾ ಹೆಣ್ಣು ನೋಡ್ಲಾ ಅಂತ ಕೇಳಿದ್ರು.

ನಿನ್ ಮೇಲೆ ನಂಗೆ ನಾಚ್ಕೆ ಇಲ್ಲ ಕಣೇ. ಅದೊಂದು ಮಾತ್ರ ತಲೇಲಿಟ್ಕೋಬೇಡ. ಅಮ್ಮ ಹೋದ್ಮೇಲೆ ನಂಗೆ ಮುದ್ದೆ ಕಟ್ಟಿ ಹಾಕಿದೋಳು ನೀನು. ನಾಚ್ಕೆ ಅಲ್ಲ. ಬೇರೆ ಇದೆ, ಬರೆಯೋಕೆ ಕೂತ್ರೆ ಬರಲ್ಲ. ನಮ್ ಗೋಡೌನಲ್ಲೇ ತ್ಯಾಮಗೊಂಡ್ಲು ಕಡೆ ಹುಡುಗ್ರು ಮೂರು ಜನ ಇದಾರೆ. ಒಬ್ಬ ಭಾವನ ಅಂಗಡೀಲಿ ಗೊಬ್ಬರ ತಗೊಳೋನು. ಟೀ ಕುಡಿಯೋವಾಗ ನಮ್ಮಂಥೋರ ಬಗ್ಗೆ ಏನೇನ್ ಆಡ್ಕೋತಾರೆ ಅಂತ ದಿನಾ ಕೇಳ್ತೀನಿ. ನಾನೂ ಜೊತೇಲಿ ನಗ್ತೀನಿ. ಅಷ್ಟೇ ಇರ್ಲಿ.

ಹರ್ಷಿತಂಗೆ ಕೋಪ ಬಂದಿದೆಯಾ? ಏನಾದ್ರೂ ಕೇಳಿದ್ಲಾ? ಭಾವಂಗೆ ಏನೂ ಗೊತ್ತಾಗಿಲ್ಲ ತಾನೆ? ಒಂದು ಸಾಲಾದ್ರೂ ಬರಿ.

ಅಂಜಿ


ತ್ಯಾಮಗೊಂಡ್ಲು
26 ನವೆಂಬರ್ 2024

ಅಂಜಿ,

ಕೂತ್ಕೊಂಡು ಓದು.

ನಾವು ಬಂದಿದ್ವಿ. "ಸರಿ" ಅಂತ ಬರೆದಿದ್ದೆನೇ ಹೊರತು ಬರಲ್ಲ ಅಂತ ಬರೆದಿರ್ಲಿಲ್ಲ. ನಾವು ಬಂದೇ ಬರ್ತೀವಿ ಅಂತ ನಿಂಗೆ ಅನುಮಾನ ಇದ್ದೇ ಇರುತ್ತೆ, ಆಣೆ ಇಟ್ಟಿರೋನು ನೀನು ಬರಲ್ಲ, ಹೋಗ್ಲಿ, ಮಗು ಆಸೆ ಆದ್ರೂ ತೀರ್ಲಿ ಅಂದ್ಕೊಂಡೆ. ಶ್ರೀಧರ್ ಇರ್ತಾರಲ್ಲ.

ಮೊದ್ಲು ನಿಮ್ ಭಾವನ ವಿಷ್ಯ ಹೇಳ್ಬಿಡ್ತೀನಿ. ಅವ್ರಿಗೆ ಜೂನ್‌ನಿಂದಾನೇ ಗೊತ್ತು. ನಾನೇ ಹೇಳಿದ್ದು. ಹೆಂಡ್ತಿ ಎರಡು ತಿಂಗಳು ಅಳ್ತಿದ್ರೆ ಗಂಡ ಯಾಕೆ ಅಂತ ಕೇಳಲ್ವಾ? ಎರಡು ದಿನ ಊಟ ಬಿಟ್ರು, ಆಮೇಲೆ "ಬಾಮೈದ ಬಾಮೈದನೇ, ಮನೆಗೆ ಬರ್ಲಿ, ಹೋಗ್ಲಿ" ಅಂದ್ರು. ನಿಂಗೆ ಹೇಳ್ಲಿಲ್ಲ, ಹೇಳಿದ್ರೆ ನೀನು ಬರೋದೇ ಬಿಟ್ಬಿಡ್ತಿದ್ದೆ. ಮೆರವಣಿಗೆ ಅಂದಾಗ ಮಾತ್ರ ಅವ್ರು ಒಪ್ಲಿಲ್ಲ. "ನೀನು ಬೇಕಾದ್ರೆ ಹೋಗು, ಮಗು ಬೇಡ" ಅಂದ್ರು. ನಿನ್ ಮಾತೇ. ಇಬ್ರೂ ಒಂದೇ ಮಾತು ಹೇಳ್ತೀರಲ್ಲ ಅಂತ ನಂಗೆ ರೇಗೋಯ್ತು. ಭಾನುವಾರ ಬೆಳಿಗ್ಗೆ ಗೇಟ್ ಹತ್ರ ನಿಂತ್ಕೊಂಡಿದ್ರು. ನಾನು ಮಗು ಕೈ ಹಿಡ್ಕೊಂಡು ಪಕ್ಕದಲ್ಲೇ ದಾಟ್ಕೊಂಡ್ ಬಂದೆ. ಇವತ್ತಿಗೂ ಮಾತಿಲ್ಲ. ಊಟಕ್ಕೆ ಕೂತಾಗ ಸಾರು ಬೇಕಾದ್ರೆ "ನಿಮ್ಮಮ್ಮಂಗೆ ಹೇಳು" ಅಂತ ಹರ್ಷಿತನ ಕೈಲಿ ಹೇಳಿಸ್ತಾರೆ. ನಾನು ಮುಂದೇನೇ ನಿಂತಿರ್ತೀನಿ.

ಮೆರವಣಿಗೆ ಚೆನ್ನಾಗಿತ್ತು. ಮೈ ಕಾಣೋ ಬಟ್ಟೆ ಹಾಕಿದ್ದೋರೂ ಇದ್ರು, ಸುಳ್ಯಾಕೆ ಹೇಳ್ಲಿ. ನಾನು ನೋಡ್ದೆ. ಹರ್ಷಿತ ನೋಡಿದ್ದು ಯಾರೋ ಬೆನ್ನಿಗೆ ದೊಡ್ಡ ರೆಕ್ಕೆ ಕಟ್ಕೊಂಡಿದ್ರಲ್ಲ, ಅವ್ರನ್ನ. ನೀನ್ ಹೇಳಿದ್ದು ಒಂದು ನಿಜ ಆಯ್ತು. ಕ್ಯಾಮರಾದೋರು ಮುತ್ಕೊಂಡ್ರು. ಮೋನಿಷಾ ಕೊಡೆ ಬಿಚ್ಚಿ ಅಡ್ಡ ಹಿಡ್ಕೊಂಡ್ಳು, ದಾರಿಯುದ್ದಕ್ಕೂ ಹಂಗೇ ಹಿಡ್ಕೊಂಡೇ ಬಂದ್ಲು. ಫುಟ್‌ಪಾತಿಂದ ಒಬ್ಬ ಕೊಳಕು ಮಾತಾಡ್ದ. ಹಂಗಂದ್ರೇನಮ್ಮಾ ಅಂತ ಹರ್ಷಿತ ಕೇಳಿದ್ಲು. ಬಾಯಿ ಸರಿ ಇಲ್ದೋರು ಆಡೋ ಮಾತು ಅಂದೆ. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಅದೂ ನಿಜ.

ಶ್ರೀಧರ್ ಕಳಸ ನೋಡಿ ಗುರುತು ಹಿಡಿದು ಬಂದ್ರು, ನಮ್ ಜೊತೇಲೇ ನಡೆದ್ರು. ನೀನೆಲ್ಲಿ ಅಂದ್ರೆ ಬೇರೆ ಕಡೆ ನೋಡ್ತಿದ್ರು. ನಾನು ಬರ್ದೇ ಇದ್ದಿದ್ರೆ ಇವ್ರ ಜೊತೆ ನೀನು ನಡೀತಿದ್ದೆ, ನನ್ನಿಂದ ನಿನ್ ದಿನ ಹಾಳಾಯ್ತು ಅಂತ ಹೊಟ್ಟೆ ಉರೀತಿತ್ತು. ಅರ್ಧ ದಾರೀಲಿ, ಒಂದು ಜ್ಯೂಸ್ ಅಂಗಡಿ ಮುಂದೆ, ಹರ್ಷಿತ ತೀರಾ ನಿಧಾನ ಮಾಡ್ಬಿಟ್ಳು. ಒಂದೊಂದೇ ಹೆಜ್ಜೆ. ಕಳಸಾನ ಎದೆ ಮಟ್ಟಕ್ಕೆ ಎತ್ತಿ ಹಿಡ್ಕೊಂಡಿದ್ಲು, ಮದುವೇಲಿ ಹಿಡ್ಕೊಳ್ಳೋ ಹಾಗೆ. ಹಿಂದೆ ಜನ ನೂಕ್ತಿದ್ರು. ಬೇಗ ನಡಿಯೇ ಅಂತ ನಾನು ತಲೆ ಮೇಲೆ ಮೊಟಕ್ದೆ.

ವಾಪಸ್ ಬರ್ತಾ ಬಸ್ಸು ನೆಲಮಂಗಲ ದಾಟಿದ್ಮೇಲೆ ಬಾಯಿ ಬಿಟ್ಳು. "ಅಮ್ಮ, ಜ್ಯೂಸ್ ಅಂಗಡಿ ಹತ್ರ ಮಾವ ನಿಂತಿದ್ರು."

ಹೆಲ್ಮೆಟ್ ಹಾಕ್ಕೊಂಡು, ಗ್ಲಾಸ್ ಇಳಿಸ್ಕೊಂಡು. ಬಿಸಿಲಲ್ಲಿ, ನಿಂತಿರೋ ಗಾಡಿ ಪಕ್ಕ. ಕೊಕ್ಕಿಲ್ಲದ ಬಾತುಕೋಳಿ ಅಂದ್ಲು.

ಅಲ್ಲೇ ಯಾಕೆ ಹೇಳ್ಲಿಲ್ಲ, ಯಾಕೆ ಕರೀಲಿಲ್ಲ ಅಂತ ಬಸ್ಸಲ್ಲೇ ಗದರಿದೆ. ಅದಕ್ಕೆ ಅವಳು ಹೇಳಿದ್ದನ್ನ ಹಂಗೇ ಬರೀತಿದೀನಿ. "ಯಾರೂ ನೋಡ್ಬಾರ್ದು ಅಂತ ತಾನೆ ಮಾವ ಗ್ಲಾಸ್ ಇಳಿಸಿರೋದು? ನಾನು ಮಾವ ಅಂತ ಕೂಗಿದ್ರೆ ಎಲ್ರೂ ತಿರುಗಿ ನೋಡ್ತಿದ್ರು. ಅದಕ್ಕೇ ಕರೀಲಿಲ್ಲ. ನಿಧಾನಕ್ಕೆ ನಡ್ದೆ, ಮಾವಂಗೆ ಕಳಸ ಕಾಣ್ಲಿ ಅಂತ."

ಮಗೂಗೆ ಏನ್ ಅರ್ಥ ಆಗುತ್ತೆ ಅಂತ ನೀನು, ನಿಮ್ ಭಾವ, ನಾನು, ಎರಡು ತಿಂಗಳು ಕಿತ್ತಾಡಿದ್ವಲ್ಲ ಅಂಜಿ. ನಮಗೆ ಮಾಡೋಕೆ ಬೇರೆ ಕೆಲಸ ಇರ್ಲಿಲ್ಲ.

ಮೂರು ವರ್ಷದಿಂದ ನಡೀತಿದೀನಿ ಅಂದ್ಯಲ್ಲೋ. ಮೂರು ವರ್ಷವೂ ಹಂಗೇ ನಿಂತಿದ್ಯಾ? ನನ್ ಹತ್ರ ಸುಳ್ಳು ಯಾಕೆ ಹೇಳ್ದೆ? ನಿನ್ ಮೇಲೆ ಕೋಪ ಬರುತ್ತೆ, ಆಮೇಲೆ ಆ ಬಿಸಿಲು ನೆನಪಾಗುತ್ತೆ.

ಈಗ ಇನ್ನೊಂದು ಗೋಳು. ಕಳಸ ಬಿಚ್ಚೋಕೆ ಬಿಡ್ತಿಲ್ಲ. ದೇವರ ಮನೇಲಿ ಇಟ್ಟಿದಾಳೆ. ಎಲೆ ಬಾಡೋಗಿದೆ, ಕಾಯಿ ಕೆಟ್ಟೋಗುತ್ತೆ, ಅತ್ತೆ ಬೆಳಿಗ್ಗೆ ಸಂಜೆ ಗೊಣಗ್ತಾರೆ. "ಮಾವ ಇನ್ನೂ ನಡೆದಿಲ್ವಲ್ಲ, ಹೆಂಗೆ ಬಿಚ್ಚೋದು" ಅಂತಾಳೆ. ಅವಳಿಗೆ ನಾನು ಏನ್ ಹೇಳ್ಲಿ, ನೀನೇ ಹೇಳು. ನಂಗೆ ಸಾಕಾಗಿದೆ.

ನಿನ್ನಕ್ಕ
ಚೈತ್ರ


ಅನುಗೊಂಡನಹಳ್ಳಿ
1 ಡಿಸೆಂಬರ್ 2024

ಅಕ್ಕಾ,

ಮೂರು ವರ್ಷವೂ ಹಂಗೇ ನಿಂತಿದ್ದೆ. ಶ್ರೀಧರ್ ಒಬ್ನೇ ನಡೆದು ಹೋಗ್ತಾನೆ, ನಾನು ದಾರೀಲಿ ಎಲ್ಲಾದ್ರೂ ಹೆಲ್ಮೆಟ್ ಹಾಕ್ಕೊಂಡು ನಿಂತು ನೋಡ್ತೀನಿ, ಆಮೇಲೆ ಮೆರವಣಿಗೆ ಮುಗಿಯೋ ಜಾಗಕ್ಕೆ ಗಾಡಿ ತಗೊಂಡು ಹೋಗಿ ಕಾಯ್ತೀನಿ. ಅವನು ಒಂದು ಸಲವೂ ಬಾ ಅಂತ ಬಲವಂತ ಮಾಡಿಲ್ಲ. ಈ ಸಲ ಮಾತ್ರ ಗಾಡಿ ಹತ್ತಿದ್ಮೇಲೆ "ನಿಮ್ಮಕ್ಕ ಹತ್ತು ಸಲ ನೀನೆಲ್ಲಿ ಅಂತ ಕೇಳಿದ್ರು" ಅಂದ.

ಹಸಿರು ಲಂಗ ದೂರದಿಂದಾನೇ ಕಾಣಿಸ್ತು. ಓಡಿ ಬಂದು ಮಾವಾ ಅಂತ ತಬ್ಕೋತಾಳೆ, ಮುಗೀತು ಕಥೆ ಅಂದ್ಕೊಂಡು ಬೆವರಿದ್ದೆ. ಅವಳು ತಿರುಗಿ ನೋಡದೆ ಹೋದ್ಲು. ಬಚಾವಾದೆ ಅಂದ್ಕೊಂಡೆ. ಹಂಗಂದ್ಕೊಂಡೆ ಅಂತ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ನಿನ್ ಕಾಗದ ಓದಿದ್ಮೇಲೆ ಎರಡು ದಿನ ಡ್ಯೂಟಿಗೆ ಹೋಗ್ಲಿಲ್ಲ.

ಮಗು ಬೇಡ, ಮಗು ಬೇಡ ಅಂತ ಬರೆದೆನಲ್ಲ, ಮಗೂಗೆ ಏನಾದ್ರೂ ಆಗುತ್ತೆ ಅಂತ ಹೆದರಿ ಬರೆದಿದ್ದಲ್ಲ ಅದು. ಅವಳು ಬಂದ್ರೆ ನಾನು ಹೆಲ್ಮೆಟ್ ತೆಗೀಬೇಕಾಗಿತ್ತು.

ಮುಂದಿನ ಭಾನುವಾರ ಬರ್ತೀವಿ, ಇಬ್ರೂ. ಗಾಡಿ ತರಲ್ಲ, ಬಸ್ಸಲ್ಲಿ. ಹನ್ನೊಂದು ಗಂಟೆಗೆ ತ್ಯಾಮಗೊಂಡ್ಲು ಬಸ್‌ಸ್ಟ್ಯಾಂಡಲ್ಲಿ ಇಳೀತೀವಿ. ಆ ಹೊತ್ತಿಗೆ ಟೀ ಅಂಗಡಿ ತುಂಬಿರುತ್ತೆ, ಭಾವನೂ ಗೊಬ್ಬರದಂಗಡೀಲಿ ಇರ್ತಾರೆ. ಇರ್ಲಿ. ಗೋಡೌನ್ ಹುಡುಗ್ರ ಅಪ್ಪಂದಿರೂ ಅಲ್ಲೇ ಕೂತಿರ್ತಾರೆ, ಕೂತಿರ್ಲಿ. ಭಾವ ಮಾತಾಡ್ಸಿದ್ರೆ ನಿಂತು ಮಾತಾಡ್ತೀನಿ. ಮಾತಾಡ್ಸದೆ ಇದ್ರೆ ನಾನೇ ಮಾತಾಡ್ಸ್ತೀನಿ. ಇವನು ಶ್ರೀಧರ್ ಅಂತ ಹೇಳ್ತೀನಿ.

ಹರ್ಷಿತನ್ನ ಕೇಳು. ನೀನು ತೀರ್ಮಾನ ಮಾಡ್ಬೇಡ, ಅವಳನ್ನ ಕೇಳು. ಬರೋಕಿಷ್ಟ ಇಲ್ಲ, ಊರಲ್ಲಿ ಆಡ್ಕೋತಾರೆ ಅಂದ್ರೆ ಬೇಡ, ನಾವು ಸುಮ್ನೆ ನಡ್ಕೊಂಡ್ ಬರ್ತೀವಿ. ಇಷ್ಟ ಇದ್ರೆ ಬಸ್‌ಸ್ಟ್ಯಾಂಡಿಗೆ ಕಳಿಸು.

ಕಳಸಕ್ಕೆ ಹೊಸ ಎಲೆ ಇಡು. ಕಾಯಿ ಅದೇ ಇರ್ಲಿ. ಅಲ್ಲಿಂದ ನಿಮ್ಮನೆವರೆಗೂ ಅವಳು ಎಷ್ಟು ನಿಧಾನಕ್ಕೆ ನಡೀತಾಳೋ ಅಷ್ಟೇ ನಿಧಾನಕ್ಕೆ ಅವಳ ಹಿಂದೆ ನಡೀತೀನಿ. ಬೇಗ ನಡಿ ಅಂತ ಮೊಟಕ್ಬೇಡ.

ಅಂಜಿ